ನನ್ನ ತೊಂಬತ್ತಾರು, ಅವಳ ತೊಂಬತ್ತೊಂದು

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವುದೆಲ್ಲ ಬರೀ ಆಸ್ಪತ್ರೆಯ ಕಥೆಯಾಗಿಬಿಡುತ್ತದೆ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಆರು ವರ್ಷ ಚಿಕ್ಕವಳು, ಹುಂಚದ ಕಡೆಯವಳು. ಬೆಳ್ಳಗಿದ್ದಾಳೆ. ಮದುವೆ ಮಾತುಕತೆಯಲ್ಲಿ ಸುಮ್ಮನೆ ಹೇಳುವ ಬೆಳ್ಳಗೆ ಅಲ್ಲ, ಮುಂಗೈಯ ನರ ಹಸಿರಾಗಿ ಕಾಣುವಷ್ಟು ಬೆಳ್ಳಗೆ. ನಾನು ತೀರ್ಥಹಳ್ಳಿಯವಳು, ಕಪ್ಪು. "ಲಕ್ಷಣವಾಗಿದ್ದಾಳೆ" ಎಂದು ಶುರುಮಾಡಿ "ಬಣ್ಣ ಒಂಚೂರು ಕಮ್ಮಿ" ಎಂದು ಮುಗಿಸುವ ಮಾತನ್ನು ಬುದ್ಧಿ ಬಂದಾಗಿನಿಂದ ಕೇಳಿದ್ದೇನೆ. ಒಂಚೂರು ಅನ್ನುವುದು ಅವರ ಮರ್ಯಾದೆ. ಸಾಕಷ್ಟು ಕಮ್ಮಿಯೇ ಇದೆ.

ನಮ್ಮದು ಹೊಸನಗರದಲ್ಲಿ ಫೋಟೊ ಸ್ಟುಡಿಯೊ. ಮುಂದೆ ಅಂಗಡಿ, ಹಿಂದೆ ಮನೆ, ಮಹಡಿಯ ಮೇಲೆ ಒಂದೇ ಒಂದು ಕೋಣೆ. ನನ್ನ ಗಂಡ ಮತ್ತು ಮೈದುನ ಮದುವೆ, ನಾಮಕರಣ, ಗೃಹಪ್ರವೇಶ ಎಂದು ಕ್ಯಾಮೆರಾ ಹೊತ್ತುಕೊಂಡು ತಿರುಗುತ್ತಾರೆ. ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಯುವುದು, ಕಂಪ್ಯೂಟರ್ ಮುಂದೆ ಕೂತು ಮುಖಗಳನ್ನು ತಿದ್ದುವುದು ನನ್ನ ಕೆಲಸ. ತಿದ್ದುವುದು ಅಂದರೆ ಬೇರೇನಲ್ಲ, ಬೆಳ್ಳಗೆ ಮಾಡುವುದು. "ಅಕ್ಕಾ, ಮೊಡವೆ ತೆಗೀರಿ, ಹಂಗೇ ಸ್ವಲ್ಪ ಬೆಳ್ಳಗೂ ಮಾಡಿ" ಎಂದು ಹೇಳದೆ ಹೋದ ಹುಡುಗಿಯನ್ನು ನಾನು ಈ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಕಂಡಿಲ್ಲ. ಮಾಡಿಕೊಡುತ್ತೇನೆ. ಊರಿನ ಅರ್ಧ ಹೆಣ್ಣುಮಕ್ಕಳನ್ನು ಬೆಳ್ಳಗೆ ಮಾಡಿ ಕಳಿಸಿದವಳು ನಾನೇ, ನನ್ನನ್ನು ಮಾತ್ರ ಯಾರೂ ಮಾಡಲಿಲ್ಲ.

ಅಂಗಡಿಯ ಗಾಜಿನ ಶೋಕೇಸಿನಲ್ಲಿ ವಾರಗಿತ್ತಿಯ ಮದುವೆ ಫೋಟೊ ಇದೆ. ಸ್ಯಾಂಪಲ್ ಅಂತ ಹಾಕಿದ್ದು, ಗಿರಾಕಿಗಳು ಅದನ್ನು ನೋಡಿ "ಇಂಥದ್ದೇ ಬೇಕು" ಎನ್ನುತ್ತಾರೆ. ನನ್ನ ಮದುವೆ ಫೋಟೊ ಅವಳಿಗಿಂತ ಐದು ವರ್ಷ ಮೊದಲೇ ತೆಗೆದದ್ದು. ಅದು ಅಲ್ಲಿಗೆ ಬರಲೇ ಇಲ್ಲ. ಒಮ್ಮೆ ಗಂಡನನ್ನು ಕೇಳಿದೆ. "ಲೈಟಿಂಗ್ ಸರಿ ಇರ್ಲಿಲ್ಲ ಮಾರಾಯ್ತಿ ಅವತ್ತು" ಎಂದರು. ಅವರದೇ ಸ್ಟುಡಿಯೊ, ಅವರದೇ ಲೈಟು, ಅವರದೇ ಮದುವೆ. ಅವತ್ತೊಂದು ದಿನ ಲೈಟಿಂಗ್ ಸರಿ ಇರಲಿಲ್ಲವಂತೆ.

ಲೈಟಿಂಗಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ಯಾಮೆರಾಕ್ಕೆ ತಾನಾಗಿಯೇ ಏನೂ ಗೊತ್ತಾಗುವುದಿಲ್ಲ. ಗುಂಪಿನಲ್ಲಿ ಒಬ್ಬ ಬೆಳ್ಳಗಿನವಳು ಇದ್ದರೆ ಅವಳ ಮುಖಕ್ಕೆ ಬೆಳಕು ಹೊಂದಿಸಿಕೊಳ್ಳುತ್ತದೆ, ಪಕ್ಕದ ಕಪ್ಪು ಮುಖ ಮಸಿಯಾಗುತ್ತದೆ. ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ನಮ್ಮ ಮನೆಯ ಎಲ್ಲ ಗುಂಪು ಫೋಟೊದಲ್ಲೂ ವಾರಗಿತ್ತಿ ನನ್ನ ಪಕ್ಕ ನಿಂತಿರುತ್ತಾಳೆ, ಹಾಗಾಗಿ ಎಲ್ಲದರಲ್ಲೂ ನಾನು ಮಸಿ. ಕಪ್ಪಗಿದ್ದವರು ಒಬ್ಬರೇ ಬಂದು ಸ್ಟೂಲಿನ ಮೇಲೆ ಕೂತರೆ ನಾನು ಬೆಳಕನ್ನು ಎರಡು ಪಾಯಿಂಟ್ ಏರಿಸಿಯೇ ಕ್ಲಿಕ್ ಮಾಡುವುದು. ಕೈ ತಾನಾಗಿಯೇ ಆ ಕಡೆ ಹೋಗುತ್ತದೆ, ಯೋಚನೆ ಕೂಡ ಮಾಡುವುದಿಲ್ಲ. ಕಸುಬಿನ ಇನ್ನೊಂದು ಅಭ್ಯಾಸವೂ ಇದೆ. ಹತ್ತು ಕ್ಲಿಕ್ ಮಾಡಿ, ಚೆನ್ನಾಗಿ ಬಂದ ಒಂದನ್ನು ಇಟ್ಟುಕೊಂಡು, ಒಂಬತ್ತನ್ನು ಅಳಿಸಿಬಿಡುವುದು. ಅಳಿಸಿದ್ದನ್ನು ಗಿರಾಕಿಗೆ ತೋರಿಸುವ ಪದ್ಧತಿ ಇಲ್ಲ.

ಕೊರೊನಾದ ಎರಡನೇ ಅಲೆ ಬಂದಾಗ ಸ್ಟುಡಿಯೊಕ್ಕೆ ಬಾಗಿಲು ಬಿತ್ತು. ಬೀಳುವ ಮುಂಚೆ ಕೊನೆಯದಾಗಿ ಒಂದು ನಿಶ್ಚಿತಾರ್ಥಕ್ಕೆ ನಾವಿಬ್ಬರೂ ಹೆಂಗಸರು ಹೋಗಿದ್ದೆವು, ಹೆಣ್ಣಿನ ಅಲಂಕಾರದ ಫೋಟೊ ತೆಗೆಯಲು ಹೆಂಗಸರೇ ಬೇಕು ಅಂದಿದ್ದರು. ಅಲ್ಲಿಂದ ಬಂದ ನಾಲ್ಕನೇ ದಿನಕ್ಕೆ ಇಬ್ಬರಿಗೂ ಜ್ವರ. ಪರೀಕ್ಷೆ ಮಾಡಿಸಿದರೆ ಮನೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಬಂದಿತ್ತು. ಗಂಡಸರು ಅಂಗಡಿಯಲ್ಲಿ ಮಲಗಿದರು, ಅತ್ತೆ ಮಕ್ಕಳ ಜೊತೆ ಹಿಂದಿನ ಮನೆಯಲ್ಲಿ ಉಳಿದರು, ನಮ್ಮಿಬ್ಬರನ್ನು ಮಹಡಿ ಕೋಣೆಗೆ ಹಾಕಿದರು. ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದರೂ ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ಜ್ವರ ಬಂದರೂ ಚೆನ್ನಾಗಿಯೇ ಕಾಣುತ್ತಿದ್ದಳು, ಕೆನ್ನೆ ಕೆಂಪಗಾಗಿ ಇನ್ನೂ ಒಂದು ಕೈ ಮೇಲು. ನನಗೆ ಜ್ವರ ಬಂದರೆ ಬೂದಿ ಬಳಿದ ಹಾಗಾಗುತ್ತದೆ.

ಮೈದುನ ಎಲ್ಲೆಲ್ಲೋ ಸುತ್ತಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಂದನ್ನು ತಂದ. ಔಷಧಿ ಅಂಗಡಿಗಳಲ್ಲಿ ಅದು ಸಿಗದ ಕಾಲ. ಇಬ್ಬರಿಗೂ ಸೇರಿ ಒಂದೇ. ಆಶಾ ಕಾರ್ಯಕರ್ತೆ ಕೆಳಗೆ ರಸ್ತೆಯಲ್ಲೇ ನಿಂತು ಕೂಗಿ ಹೇಳಿದರು: "ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಹಾಕ್ಕೊಂಡು ಬರೆದಿಡಿ. ತೊಂಬತ್ನಾಲ್ಕಕ್ಕಿಂತ ಕೆಳಗೆ ಹೋಯ್ತೋ, ತಕ್ಷಣ ಫೋನ್ ಮಾಡಿ." ವಾರಗಿತ್ತಿ ಒಂದು ಹಳೆಯ ಆಲ್ಬಮ್ ಡಬ್ಬಿಯ ಮುಚ್ಚಳದ ಒಳಮೈಯಲ್ಲಿ ಗೆರೆ ಎಳೆದು ಎರಡು ಕಾಲಮ್ಮು ಮಾಡಿದಳು. ಒಂದರ ಮೇಲೆ "ಅಕ್ಕ" ಎಂದು ಬರೆದಳು, ಇನ್ನೊಂದರ ಮೇಲೆ "ನಾನು". ಅಕ್ಷರವೂ ಅವಳದು ದುಂಡಗೆ.

ಮೊದಲ ಬೆಳಿಗ್ಗೆ ನನಗೆ ತೊಂಬತ್ತೆಂಟು ಬಂತು, ಅವಳಿಗೆ ತೊಂಬತ್ತೈದು.

ಆ ಖುಷಿಯನ್ನು ಹೇಗೆ ಹೇಳಲಿ! ಮೈ ಸುಡುತ್ತಿತ್ತು, ಸೊಂಟ ಮುರಿದುಕೊಂಡು ಬೀಳುತ್ತಿತ್ತು, ಆದರೂ ಒಳಗೊಳಗೇ ಕುಣಿದೆ. ಜನ್ಮದಲ್ಲಿ ಮೊದಲ ಸಲ ಅವಳ ಪಕ್ಕ ನಿಂತು ನಾನು ಮುಂದಿದ್ದೆ. ಮೂರು ಮಾರ್ಕು ಜಾಸ್ತಿ! ಆ ಸಂಜೆ ಅತ್ತೆಯ ಊಟ ಆಗುವ ಮೊದಲೇ, ಅವರು ಕತ್ತಲಾಗುವ ಮೊದಲೇ ಉಣ್ಣುವವರು, ನಾನೇ ಕಿಟಕಿಯಿಂದ ಕೂಗಿ ಹೇಳಿದೆ, "ನಂದು ತೊಂಬತ್ತೇಳು ಅತ್ತೇ, ಅವಳದ್ದು ತೊಂಬತ್ನಾಲ್ಕು!" ಅತ್ತೆ ಅಂಗಳದಿಂದ ತಲೆ ಎತ್ತಿ ನೋಡಿ, "ಅಯ್ಯೋ, ಅವಳಿಗೆ ಅಷ್ಟು ಕಮ್ಮಿ ಆಯ್ತಾ" ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಾಳುಮೆಣಸಿನ ಕಷಾಯ ಮೆಟ್ಟಿಲ ಮೇಲೆ ಬಂದು ಕೂತಿತು. ಒಂದೇ ಲೋಟ.

ಅಲ್ಲಿಗೆ ನನ್ನ ಖುಷಿ ಕಹಿಯಾಯಿತು. ನಂಬರ್ ನನ್ನದು ದೊಡ್ಡದು, ಆರೈಕೆ ಅವಳಿಗೆ. ಗಂಡ ಕೆಳಗಿನಿಂದ ಫೋನ್ ಮಾಡಿದರೆ ಮೊದಲ ಪ್ರಶ್ನೆ "ಅವಳಿಗೆ ಹೆಂಗಿದೆ?" ಅನ್ನುವುದು. "ನಿಂಗೇನು, ನೀನು ಗಟ್ಟಿ. ಅವಳನ್ನ ಒಂಚೂರು ನೋಡ್ಕೋ." ನಾನು ಗಟ್ಟಿ ಅನ್ನುವುದು ಆ ಮನೆಗೆ ಕಾಲಿಟ್ಟ ದಿನವೇ ತೀರ್ಮಾನವಾಗಿತ್ತು. ಕಪ್ಪಗಿದ್ದವರು ಗಟ್ಟಿ, ಬೆಳ್ಳಗಿದ್ದವರು ಸೂಕ್ಷ್ಮ. ಹಾಗೆಂದು ಯಾವ ಡಾಕ್ಟರೂ ಹೇಳಿಲ್ಲ, ಆದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಈಗ ಬೆರಳಿನ ಮೇಲೆ ಕೂತ ಆ ಸಣ್ಣ ಮಷಿನ್ನೂ ಅದನ್ನೇ ಹೇಳುತ್ತಿತ್ತು. ನನಗೆ ನಂಬರೂ ಬೇಕಿತ್ತು, ಕಷಾಯವೂ ಬೇಕಿತ್ತು. ಎರಡೂ ಒಟ್ಟಿಗೆ ಸಿಗುವುದಿಲ್ಲ ಎಂದಾದಾಗ ನಾನು ನಂಬರನ್ನೇ ಹಿಡಿದುಕೊಂಡೆ.

ಐದನೇ ದಿನದ ಹೊತ್ತಿಗೆ ನನಗೆ ಬಚ್ಚಲಿಗೆ ಹೋಗಿ ಬಂದರೆ ಹಾಸಿಗೆಯ ಅಂಚಿನಲ್ಲಿ ಕೂತು ಉಸಿರು ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡವಳು ಅವಳು. ಗೋಡೆ ಕಡೆ ತಿರುಗಿ ಮಲಗಿದ್ದಾಳೆ, ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಎದ್ದು ಕೂತಳು.

"ಅಕ್ಕಾ, ನೀವು ಮಾತಾಡುವಾಗ ಮಧ್ಯ ಮಧ್ಯ ನಿಲ್ಲಿಸ್ತೀರಿ. ನಿನ್ನೆ ಹಂಗಿರ್ಲಿಲ್ಲ."

"ಸುಸ್ತು ಇರಲ್ವನೇ? ಜ್ವರ ಅಲ್ದಾ?"

"ಸುಸ್ತಲ್ಲ. ತುಟಿನೂ ಒಂಥರಾ ಆಗಿದೆ."

"ನನ್ನ ತುಟಿ ಯಾವಾಗ್ಲೂ ಒಂಥರಾನೇ," ಎಂದೆ. ನಗಲಿಲ್ಲ ಅವಳು. ಎದ್ದು ಬಂದು ನನ್ನ ಕೈ ಹಿಡಿದು ಕ್ಲಿಪ್ ಸಿಕ್ಕಿಸಿದಳು. ತೊಂಬತ್ಮೂರು. ನನಗೆ ಎದೆ ಧಸಕ್ಕೆಂದಿತು. ಹೆದರಿಕೆಗಲ್ಲ, ಅವಳಿಗೂ ಅವತ್ತು ಬೆಳಿಗ್ಗೆ ತೊಂಬತ್ಮೂರೇ ಬಂದಿತ್ತು. ಸಮಸಮ ಆಗಿಬಿಟ್ಟೆವಲ್ಲ ಎಂದು.

"ಬೆರಳು ಸರಿಯಾಗಿ ಕೂತಿಲ್ಲ," ಎಂದು ತೆಗೆದು ಪಕ್ಕದ ಬೆರಳಿಗೆ ಹಾಕಿದೆ. ತೊಂಬತ್ನಾಲ್ಕು. ಇನ್ನೊಂದಕ್ಕೆ ಹಾಕಿದೆ. ಎಡಗೈಯ ಉಂಗುರದ ಬೆರಳಿಗೆ ಹಾಕಿದಾಗ ತೊಂಬತ್ತು ಬಂತು. ಬಂದು ಅಲ್ಲೇ ನಿಂತಿತು, ಅಲುಗಲಿಲ್ಲ. ನಾವಿಬ್ಬರೂ ಅದನ್ನು ನೋಡಿದೆವು. ಅವಳ ಕಣ್ಣು ಮಷಿನ್ನಿನ ಮೇಲಿತ್ತು, ನನ್ನ ಕಣ್ಣು ಅವಳ ಮುಖದ ಮೇಲಿತ್ತು. ನಾನು ಕ್ಲಿಪ್ಪನ್ನು ಕಿತ್ತು, ಕೈ ಉಜ್ಜಿ ಬಿಸಿಮಾಡಿಕೊಂಡು, ಬಲಗೈಯ ನಡುಬೆರಳಿಗೆ ಹಾಕಿದೆ. ಕೆಂಪು ಅಂಕಿ ಹಾರಾಡಿ ಹಾರಾಡಿ ತೊಂಬತ್ತಾರಕ್ಕೆ ಬಂದು ಕೂತಿತು.

"ಇದು ಬರ್ಕೋ," ಎಂದೆ.

"ಅಕ್ಕಾ, ತೊಂಬತ್ತು ಬಂತಲ್ಲ..."

"ಬೆರಳು ತಣ್ಣಗಿತ್ತು. ಹತ್ತು ತೆಗೆದ್ರೆ ಒಂದು ಸರಿ ಬರುತ್ತೆ. ನಮಗೆ ಹೇಳಿಕೊಡ್ಬೇಕಾ ಅದನ್ನ?"

ಅವಳು ಪೆನ್ನು ಹಿಡಿದುಕೊಂಡು ಕೂತೇ ಇದ್ದಳು. ಆಗ ನನ್ನ ಬಾಯಿಂದ ಬಂದದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. "ನಂಗೊತ್ತು. ನನ್ನ ನಂಬರ್ ನಿಂಗಿಂತ ಮೇಲಿದೆ ಅಂತ ನಿಂಗೆ ಹೊಟ್ಟೆ ಉರಿ. ಎಲ್ಲದ್ರಲ್ಲೂ ನೀನೇ ಮೇಲಿರ್ಬೇಕು ಅಲ್ದಾ? ಇದೊಂದು ನಂಗಿರ್ಲಿ, ಬಿಡು." ಇಷ್ಟು ಹೇಳಲು ನಾನು ಮೂರು ಸಲ ನಿಲ್ಲಿಸಿ ಉಸಿರು ಎಳೆದುಕೊಂಡೆ. ಅವಳು "ಅಕ್ಕ" ಎಂದಿದ್ದ ಕಾಲಮ್ಮಿನಲ್ಲಿ ತೊಂಬತ್ತಾರು ಬರೆದಳು. ನಾನು ಹಿರಿಸೊಸೆ, ಹೇಳಿದರೆ ಅವಳು ಕೇಳಬೇಕು. ಆ ಮನೆಯಲ್ಲಿ ನನಗಿದ್ದ ಒಂದೇ ಅಧಿಕಾರ ಅದು, ಅದನ್ನು ಅವತ್ತು ಪೂರ್ತಿ ಉಪಯೋಗಿಸಿಕೊಂಡೆ.

ಮರುದಿನ ಬೆಳಿಗ್ಗೆ ಅವಳದು ತೊಂಬತ್ತೊಂದಕ್ಕೆ ಇಳಿಯಿತು. ನನ್ನದು, ಐದಾರು ಬೆರಳು ಸುತ್ತಿದ ಮೇಲೆ, ತೊಂಬತ್ತಾರು. ಹಿಂದಿನ ದಿನ ಅವಳ ತೊಂಬತ್ಮೂರು ಕೇಳಿ "ಇನ್ನೊಂದು ದಿನ ನೋಡಣ" ಎಂದಿದ್ದ ಆಶಾ ಕಾರ್ಯಕರ್ತೆಗೆ ಮತ್ತೆ ಫೋನ್ ಹೋಯಿತು, ಅವರಿಂದ ಇನ್ನೆಲ್ಲೋ ಹೋಯಿತು. ಹೊಸನಗರದಲ್ಲಿ ಜಾಗವಿಲ್ಲ, ಸಾಗರದ ಒಂದು ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಖಾಲಿಯಾಗಿದೆ, ತಕ್ಷಣ ಬಂದರೆ ಸಿಗುತ್ತದೆ ಎಂದರು. ಒಂದೇ ಹಾಸಿಗೆ. ಮನೆಯಲ್ಲಿ ಓಡಾಟ ಶುರುವಾಯಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅತ್ತೆ ದೂರದಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು, ಮೈದುನ ವ್ಯಾನಿನ ಹಿಂದಿನ ಸೀಟಿಗೆ ಬೆಡ್‌ಶೀಟು ಹಾಸುತ್ತಿದ್ದ, ನನ್ನ ಗಂಡ ಅವಳ ಬ್ಯಾಗು ಹಿಡಿದು ನಿಂತಿದ್ದರು. ಅವಳು ಮೆಟ್ಟಿಲಿಳಿದು ಹೋಗುವುದನ್ನು ನೋಡಿದರೆ ಎರಡನೇ ಸಲ ಮದುವೆಯಾಗಿ ಹೊರಟ ಹಾಗಿತ್ತು. ನನ್ನ ಗಂಡ ನನ್ನ ಬ್ಯಾಗನ್ನು ಹಾಗೆ ಹಿಡಿದುಕೊಂಡು ಯಾವತ್ತೂ ನಿಂತಿಲ್ಲ.

ವ್ಯಾನಿನ ಬಾಗಿಲಲ್ಲಿ ಅವಳು ನಿಂತುಬಿಟ್ಟಳು.

"ಅಕ್ಕನ್ನೂ ಕರ್ಕೊಂಡು ಬನ್ನಿ. ಅಕ್ಕಂಗೆ ನಂಗಿಂತ ಜಾಸ್ತಿ ಆಗಿದೆ."

"ಅತ್ತಿಗೆಗೆ ತೊಂಬತ್ತಾರಿದೆ, ನೀನೇ ಬರೆದಿದೀಯಲ್ಲ," ಎಂದ ಮೈದುನ.

"ಅದು ಸರಿ ಇಲ್ಲ. ಅವರು ಬರ್ದೇ ಇದ್ರೆ ನಾನೂ ಹತ್ತಲ್ಲ."

ಅಂಗಳದಲ್ಲಿ ಎಲ್ಲರೂ ಅವಳನ್ನು ನೋಡಿದ ರೀತಿ ನನಗೆ ಮೇಲಿನಿಂದ ಕಾಣಿಸಿತು. "ಎಂಥಾ ಮನಸ್ಸು ನೋಡು," ಎಂದರು ಅತ್ತೆ, ನನಗೂ ಕೇಳುವ ಹಾಗೆ. ನನಗೆ ಮೈಯೆಲ್ಲ ಉರಿಯಿತು. ಸಾಯುವ ಹೊತ್ತಿನಲ್ಲೂ ಒಳ್ಳೆಯವಳಾಗಿಯೇ ಇರುತ್ತಾಳಲ್ಲ, ಒಂದು ಗಳಿಗೆ ಬಿಡುವು ಬೇಡವಾ! ನನಗೇನೂ ಆಗಿಲ್ಲ ಎಂದು ತೋರಿಸಿಯೇ ಬಿಡೋಣ ಎಂದು ಬೆರಳಲ್ಲಿ ಕ್ಲಿಪ್ ಸಿಕ್ಕಿಸಿಕೊಂಡೇ ಮೆಟ್ಟಿಲಿಳಿದೆ. ಹದಿನಾಲ್ಕು ಮೆಟ್ಟಿಲು. ಒಂಬತ್ತನೆಯದರಲ್ಲಿ ಕೂತುಬಿಟ್ಟೆ. ಏಳಲು ಆಗಲಿಲ್ಲ. ಕೂತಲ್ಲಿಂದಲೇ ಬೆರಳನ್ನು ಮೇಲೆತ್ತಿ ತೋರಿಸಿದೆ. ತೊಂಬತ್ತೈದು ತೋರಿಸುತ್ತಿತ್ತು.

ಅವಳ ಹಟಕ್ಕೆ ನನ್ನನ್ನೂ ಹತ್ತಿಸಿಕೊಂಡರು, ಅವಳ ಜೊತೆಗೆ ಇರಲು ಎಂದು. ರೋಗಿಯಾಗಿ ಅಲ್ಲ. ಅವಳಿಗೆ ಕಾಲು ಚಾಚಿಕೊಳ್ಳಲು ಸೀಟು, ನನಗೆ ಮೂಲೆ. ದಾರಿಯಲ್ಲಿ ಬಟ್ಟೆಮಲ್ಲಪ್ಪ ಅನ್ನುವ ಊರು ದಾಟುವಾಗ ಅವಳು ಕಾಲು ಮಡಚಿಕೊಂಡು "ಅಕ್ಕಾ, ಒರಗಿಕೊಳ್ಳಿ" ಎಂದಳು. ನಾನು ಕಿಟಕಿಯ ಆಚೆ ನೋಡಿದೆ.

ಸಾಗರದ ಆಸ್ಪತ್ರೆಯ ಬಾಗಿಲಲ್ಲೇ ನರ್ಸ್ ಇಬ್ಬರ ಬೆರಳಿಗೂ ಅವರ ಮಷಿನ್ ಹಾಕಿದರು. ಅವಳಿಗೆ ತೊಂಬತ್ತೊಂದು. ನನಗೆ ತೊಂಬತ್ತೈದು. ಅವಳನ್ನು ಒಳಗೆ ಕರೆದುಕೊಂಡು ಹೋದರು. ನನಗೆ ಹೊರಗಿನ ಬೆಂಚು ತೋರಿಸಿ "ನೀವು ಆರಾಮಿದೀರಿ, ಇಲ್ಲೇ ಕೂತಿರಿ" ಎಂದರು. ಅವರನ್ನು ದೂರುವುದಿಲ್ಲ. ಅವತ್ತು ಆ ಬಾಗಿಲಲ್ಲಿ ನಿಂತವರೆಲ್ಲರಿಗೂ ಅದೇ ಅಳತೆ, ಅದೇ ಅಂಕಿ. ಹಾಗಾಗಿ ನಾನು ಬೆಂಚಿನ ಮೇಲೆ ಕೂತೆ. ಗೆದ್ದವಳು ನಾನು. ಗೆದ್ದು ಬಾಯಿ ತೆರೆದುಕೊಂಡು ಉಸಿರಾಡುತ್ತಾ ಕೂತಿದ್ದೆ, ಸೋತವಳು ಒಳಗೆ ಹಾಸಿಗೆಯ ಮೇಲೆ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದಳು. ಆ ಹೊತ್ತಿಗೆ ಆ ಹಾಸಿಗೆಯ ಮೇಲೆ ನನಗೆ ಹುಟ್ಟಿದ ಆಸೆಯಂಥದ್ದು ಬೇರೆ ಯಾವುದರ ಮೇಲೂ ಹುಟ್ಟಿಲ್ಲ, ಅವಳ ಬಣ್ಣದ ಮೇಲೂ ಹುಟ್ಟಿಲ್ಲ.

ಒಳಗಿನಿಂದ ಅವಳು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದಳಂತೆ, ಹೊರಗೆ ಬೆಂಚಿನ ಮೇಲೆ ನಮ್ಮಕ್ಕ ಇದ್ದಾರೆ, ಅವರನ್ನು ನೋಡಿ ಎಂದು. ಕಸ ಗುಡಿಸುವವರಿಗೂ ಹೇಳಿದ್ದಳಂತೆ. ಮೂರನೆಯವರೋ ನಾಲ್ಕನೆಯವರೋ ಹೋಗಿ ಡಾಕ್ಟರಿಗೆ ಮುಟ್ಟಿಸಿದರು. ವಯಸ್ಸಾದ ಡಾಕ್ಟರು, ಮೈತುಂಬ ಪ್ಲಾಸ್ಟಿಕ್ ಗೌನು, ಕನ್ನಡಕಕ್ಕೆ ಹಬೆ ಕಟ್ಟಿತ್ತು. ಬಂದವರು ನನ್ನ ಬೆರಳಿಗೆ ಏನನ್ನೂ ಹಾಕಲಿಲ್ಲ.

"ನಾಲಿಗೆ ತೋರಿಸಮ್ಮ," ಎಂದರು. ತೋರಿಸಿದೆ. "ಒಂದೇ ಉಸಿರಲ್ಲಿ ಇಪ್ಪತ್ತರವರೆಗೆ ಎಣಿಸು ನೋಡಣ."

ಏಳಕ್ಕೆ ನಿಂತೆ. ಅವರು ನನ್ನ ಮಣಿಕಟ್ಟನ್ನು ತಿರುಗಿಸಿ ಹಿಡಿದು ನಾಡಿಯಿಂದಲೇ ರಕ್ತ ತೆಗೆದರು. ಅಂಥ ನೋವು ಹೆರಿಗೆಯಲ್ಲೂ ಆಗಿರಲಿಲ್ಲ ಎಂದು ಆಗ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಕಾಗದ ಹಿಡಿದುಕೊಂಡು ಬೇಗ ಬೇಗ ಬಂದರು. ರಕ್ತದಲ್ಲಿ ನಿಜವಾಗಿ ಇದ್ದದ್ದು ಎಂಬತ್ತಾರು. ನನ್ನ ಬೆರಳ ಮೇಲೆ ಆ ಗಳಿಗೆಯಲ್ಲೂ ಮನೆಯಿಂದ ತಂದಿದ್ದ ಮಷಿನ್ ತೊಂಬತ್ತೈದು ಎನ್ನುತ್ತಿತ್ತು.

"ಇವರನ್ನ ಮೊದ್ಲು ಮಲಗಿಸಿ," ಎಂದರು ಡಾಕ್ಟರು. ನರ್ಸ್ "ಎಲ್ಲಿ ಸಾರ್?" ಎಂದರು. ಹಾಸಿಗೆ ಇರಲಿಲ್ಲ.

ಅವಳು ಎದ್ದಳು. ನನ್ನನ್ನು ತಳ್ಳುಗಾಡಿಯಲ್ಲಿ ಒಳಗೆ ತರುವಷ್ಟರಲ್ಲಿ ಹಾಸಿಗೆ ಬಿಟ್ಟು ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಅವಳಿಗೆ ಒಂದು ಸಣ್ಣ ಸಿಲಿಂಡರ್ ಜೋಡಿಸಿದರು. ನಾನು ಮಲಗಿದಾಗ ಹಾಸಿಗೆ ಇನ್ನೂ ಅವಳ ಮೈಯ ಬಿಸಿಯಲ್ಲಿತ್ತು. ಅಷ್ಟು ಬಯಸಿದ ಹಾಸಿಗೆ, ಅದೂ ಅವಳು ಬಿಟ್ಟುಕೊಟ್ಟದ್ದೇ ಆಗಬೇಕಾಯಿತು. ಮೂಗಿಗೆ ಮಾಸ್ಕ್ ಬಿಗಿದು ಗಾಳಿ ಒಳಗೆ ಹೋದಾಗ ನನಗೆ ಅಳು ಬಂತು. ಸುತ್ತ ಇದ್ದವರು ಪ್ರಾಣ ಉಳಿದ ಸಂತೋಷ ಎಂದುಕೊಂಡರು.

ಅವಳಿಗೆ ಮರುದಿನ ಬೇರೆ ಹಾಸಿಗೆ ಸಿಕ್ಕಿತು, ಆರನೇ ದಿನಕ್ಕೆ ಮನೆಗೆ ಹೋದಳು. ನಾನು ಹದಿನೈದು ದಿನ ಇದ್ದೆ. ಈಗಲೂ ಮಹಡಿ ಹತ್ತುವಾಗ ನಡುವೆ ಒಂದು ಸಲ ನಿಲ್ಲುತ್ತೇನೆ. ಇನ್ನು ಅರ್ಧ ದಿನ ಬೆಂಚಿನ ಮೇಲೆ ಕೂತಿದ್ದರೆ ನಿಲ್ಲುವ ಪ್ರಶ್ನೆಯೇ ಬರುತ್ತಿರಲಿಲ್ಲ ಎಂದು ಡಾಕ್ಟರು ನನ್ನ ಗಂಡನಿಗೆ ಹೇಳಿದರಂತೆ.

ಬಿಡುಗಡೆಯ ದಿನ ಡಾಕ್ಟರನ್ನು ಕೇಳಿದೆ, ಮಷಿನ್ ಹಾಳಾಗಿತ್ತಾ ಎಂದು. ಹಾಳಾಗಿರಲಿಲ್ಲವಂತೆ. ಆ ಕ್ಲಿಪ್ಪು ಬೆರಳಿನ ಒಂದು ಬದಿಯಿಂದ ಬೆಳಕು ಬಿಟ್ಟು ಇನ್ನೊಂದು ಬದಿಗೆ ಎಷ್ಟು ಬಂತು ಎಂದು ನೋಡುತ್ತದಂತೆ. ಅದರಿಂದ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಂದಾಜು ಮಾಡುತ್ತದೆ. ಆದರೆ ಚರ್ಮದ ಕಪ್ಪು ಬಣ್ಣವೂ ಆ ಬೆಳಕನ್ನು ಹೀರಿಕೊಳ್ಳುತ್ತದೆ. ಮಷಿನ್ ಮಾಡುವವರು ಹೊಂದಿಸಿ ನೋಡಿದ್ದು ಹೆಚ್ಚಾಗಿ ಬಿಳಿಯ ಚರ್ಮದವರ ಮೇಲೆ. ಹಾಗಾಗಿ ಕಪ್ಪಗಿರುವವರಿಗೆ ಕೆಲವು ಸಲ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. "ಎಲ್ರಿಗೂ ಹಿಂಗಾಗಲ್ಲ, ಯಾವಾಗ್ಲೂ ಆಗಲ್ಲ. ಆದ್ರೆ ಆಗುತ್ತೆ. ಅದಕ್ಕೇ ನಂಬರ್ ಒಂದನ್ನೇ ನೋಡ್ಬಾರ್ದು, ಮನುಷ್ಯನ್ನೂ ನೋಡ್ಬೇಕು," ಎಂದರು.

ಕೇಳುತ್ತಾ ನನಗೆ ನಗು ಬಂತು, ಸಿಟ್ಟೂ ಬಂತು. ಬೆಳ್ಳಗಿನ ಮುಖಕ್ಕೆ ಹೊಂದಿಸಿದ ಬೆಳಕಿನಲ್ಲಿ ಕಪ್ಪು ಮುಖ ಸರಿ ಬರುವುದಿಲ್ಲ ಎಂಬುದು ದಿನಾ ಬೆಳಗಾದರೆ ನನ್ನ ಕಣ್ಣೆದುರಿನ ವಿಷಯ. ಅದರಿಂದಲೇ ನಮ್ಮ ಮನೆಯ ಅನ್ನ. ಸ್ಟೂಲಿನ ಮೇಲೆ ಕೂತ ಕಪ್ಪು ಹುಡುಗಿಗೆ ಎರಡು ಪಾಯಿಂಟ್ ಏರಿಸುವ ಕೈ ನನ್ನದು, ನನ್ನ ಬೆರಳಿಗೇ ಬಂದ ಬೆಳಕನ್ನು ಮಾತ್ರ ಕಣ್ಣುಮುಚ್ಚಿ ನಂಬಿದೆ. ಯಾಕೆ ನಂಬಿದೆ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ ಇದು ನಮ್ಮ ಮನೆಯ ದೊಡ್ಡ ಕಥೆಯಾಗಿದೆ, ಹೇಳುವವಳು ನಾನು. ಚೆನ್ನಾಗಿ ಹೇಳುತ್ತೇನೆ. ಅಂಗಡಿಗೆ ಬಂದವರಿಗೆ ಹೇಳುತ್ತೇನೆ, ವರದಹಳ್ಳಿಯ ಆಶ್ರಮಕ್ಕೆ ಹೋದಾಗ ಪಕ್ಕ ಕೂತವರಿಗೂ ಹೇಳಿದ್ದೇನೆ. "ನೋಡಿ, ಮಷಿನ್ನಿಗೂ ಬಿಳಿ ಚರ್ಮಾನೇ ಬೇಕು. ನಮ್ಮಂಥವರ ಉಸಿರು ಅದಕ್ಕೆ ಕಾಣಲ್ಲ." ಕಪ್ಪಗಿದ್ದವರೆಲ್ಲ ಹೌದು ಹೌದು ಎನ್ನುತ್ತಾರೆ. ನನ್ನ ಜನ್ಮದ ಸಿಟ್ಟಿಗೆಲ್ಲ ಒಂದು ಸಾಕ್ಷಿ ಸಿಕ್ಕಿದೆ. ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅಳಿಸಿದ್ದೊಂದಿದೆ, ಅಷ್ಟೆ. ಎಡಗೈಯ ಉಂಗುರದ ಬೆರಳಿನ ತೊಂಬತ್ತನ್ನು ನಾನು ಯಾರಿಗೂ ತೋರಿಸಿಲ್ಲ.

ಹೋದ ತಿಂಗಳು ಕುಪ್ಪಳ್ಳಿ ಕಡೆಯ ಒಬ್ಬರು ಮೇಷ್ಟರು ಪಾಸ್‌ಪೋರ್ಟ್ ಫೋಟೊಕ್ಕೆ ಬಂದಿದ್ದರು. ಅವರೂ ಕಪ್ಪು, ಅವರಿಗೂ ಈ ಕಥೆ ಹೇಳಿದೆ. ವಾರಗಿತ್ತಿ ಪಕ್ಕದ ಮೇಜಿನಲ್ಲಿ ಕೂತು ಫೋಟೊ ಕತ್ತರಿಸುತ್ತಿದ್ದಳು. ಮೇಷ್ಟರು ಗಮನವಿಟ್ಟು ಕೇಳಿದರು, ಆಮೇಲೆ ಇಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ ಕೇಳಿದರು.

"ಅಷ್ಟು ದಿನದಲ್ಲಿ ಒಂದ್ಸಲನೂ ಕಮ್ಮಿ ತೋರಿಸ್ಲೇ ಇಲ್ವಾ ಅದು?"

ನಾನು ಕಂಪ್ಯೂಟರ್ ಕಡೆ ತಿರುಗಿ ಅವರ ಫೋಟೊದ ಬೆಳಕು ಹೊಂದಿಸತೊಡಗಿದೆ. ವಾರಗಿತ್ತಿ ತಲೆ ಎತ್ತದೆ, ಕತ್ತರಿ ನಿಲ್ಲಿಸದೆ ಹೇಳಿದಳು:

"ಇಲ್ಲ ಸಾರ್. ನಾನೇ ಬರೀತಿದ್ನಲ್ಲ. ಅಕ್ಕಂಗೆ ಒಂದ್ಸಲನೂ ತೋರಿಸ್ಲಿಲ್ಲ."

ಮೇಷ್ಟರು ಫೋಟೊ ತೆಗೆದುಕೊಂಡು ಹೋದರು. ಅವಳು ಮುಂದಿನ ಹಾಳೆ ತೆಗೆದುಕೊಂಡಳು. ನನ್ನ ಕಡೆ ನೋಡಲೂ ಇಲ್ಲ, ನೋಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅವತ್ತೇ ಸಾಗರದ ಆಸ್ಪತ್ರೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳುತ್ತಿದ್ದೆ, ತೊಂಬತ್ತು ಬಂದಿತ್ತು, ಇವಳೇ ಮುಚ್ಚಿಟ್ಟಳು ಎಂದು. ಅತ್ತೆಗೆ ಹೇಳುತ್ತಿದ್ದೆ, ಗಂಡನಿಗೆ ಹೇಳುತ್ತಿದ್ದೆ, ಜಗಳ ಬಂದಾಗಲೆಲ್ಲ ತೆಗೆದು ತೆಗೆದು ಹೇಳುತ್ತಿದ್ದೆ. ಅವಳು ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಬಣ್ಣದ ವಿಷಯಕ್ಕಾದರೆ ದೇವರನ್ನು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇದಕ್ಕೆ ಯಾರನ್ನು ಬೈಯಲಿ?